ಬೆಲ್ಲದ ತಕ್ಕಡಿಯಲ್ಲಿ ಗೌರಿ

ಆ ದಿನಗಳಲ್ಲಿ ಹೊಸಪೇಟೆ ಬಸ್ ನಿಲ್ದಾಣದ ತೂಕದ ಯಂತ್ರಕ್ಕೆ ಹತ್ತು ಪೈಸೆ ಹಾಕಬೇಕಿತ್ತು. ನನ್ನ ತಂಗಿ ಗೌರಿಯನ್ನು ತೂಗಲು ಅದೂ ಬೇಕಾಗಲಿಲ್ಲ. ಕಮಲಾಪುರದಲ್ಲಿ ಅಪ್ಪನದೇ ಬೆಲ್ಲದ ಅಂಗಡಿ, ಅಲ್ಲಿ ತೊಲೆಗೆ ನೇತುಹಾಕಿದ ದೊಡ್ಡ ತಕ್ಕಡಿ. ಪುಕ್ಕಟೆ ಸಿಕ್ಕ ಆ ತೂಕವನ್ನು ನಂಬಿದ್ದಕ್ಕೆ ನಾವು ತೆತ್ತದ್ದು ಗೌರಿಯನ್ನೇ.

ಕಾಲುವೆ ನೀರಿನಿಂದ ಊರೆಲ್ಲ ಹಸಿರಾಗಿತ್ತು. ಮನೆ ತುಂಬ ಭತ್ತ, ಮೂಲೆಮೂಲೆಗೂ ಬೆಲ್ಲದ ವಾಸನೆ. ನನಗೆ ಹತ್ತು ವರ್ಷ, ಗೌರಿಗೆ ಎರಡು. ಮಳೆಗಾಲದ ಮೊದಲಲ್ಲಿ ಅವಳಿಗೆ ದಡಾರ ಬಂದು, ಎಲುಬು ಎಣಿಸುವಂತಾದಳು.

"ಬ್ಯಾಳಿ, ಹಾಲು ಒಂದೂ ಬ್ಯಾಡ. ಹೊಟ್ಟಿಗೆ ಭಾರ ಆಗ್ತೈತಿ," ಎಂದಳು ಅಜ್ಜಿ. ಅಂದಿನಿಂದ ಮೂರು ಹೊತ್ತೂ ಅಕ್ಕಿಗಂಜಿ, ಬೆಲ್ಲದ ನೀರು.

ಪ್ರತಿ ಸೋಮವಾರ ಅಪ್ಪ ತಕ್ಕಡಿಯ ತಟ್ಟೆಗೆ ಗೋಣಿಚೀಲ ಹಾಸಿ ಅವಳನ್ನು ಕೂರಿಸುತ್ತಿದ್ದ. ಮೊದಲ ಸಲ ಎಂಟು ಕಿಲೋ. ಕೆಲವು ವಾರಗಳಲ್ಲಿ ಎಂಟುನೂರು ಗ್ರಾಂ ಏರಿತು.

"ಶೇಕಡಾ ಎಷ್ಟಾತು ಹೇಳಲೇ ಶಾಂತಿ?" ಎಂದು ಅಪ್ಪ ನನ್ನನ್ನು ಕೇಳಿದ.

"ಎಂಟುನೂರು..."

"ಬರೇ ಹೆಚ್ಚಿದ್ದು ಹೇಳಿದ್ರ ವ್ಯಾಪಾರ ಆಗಂಗಿಲ್ಲ. ಮೊದಲಿದ್ದ ತೂಕದಿಂದ ಭಾಗಿಸು, ನೂರರಿಂದ ಗುಣಿಸು."

"ಹತ್ತು, ಅಪ್ಪಾ."

"ನೂರಕ್ಕ ಹತ್ತು! ಯಾವ ಬ್ಯಾಂಕ್ ಕೊಡ್ತೈತಿ ಇಷ್ಟು ಜಲ್ದಿ?" ಅಪ್ಪ ನಕ್ಕ.

ಅವ್ವ ನಗಲಿಲ್ಲ. "ಕೂಸು ಆಡಂಗಿಲ್ಲ, ನಗಂಗಿಲ್ಲ. ಗಂಜೀನೂ ಒಲ್ಲೆ ಅಂತೈತಿ. ತೂಕ ಎಲ್ಲಿಂದ ಬರ್ತೈತ್ರಿ?"

"ಮಾರಿ ನೋಡು, ಹೆಂಗ ದುಂಡಗಾಗೈತಿ. ನಿಂದೊಂದು ಸಂಶಯ."

ದುಂಡಗೇನೋ ಆಗಿತ್ತು. ಕಾಲ್ಗೆಜ್ಜೆ ಬಿಗಿಯಾಯಿತೆಂದು ಬಿಚ್ಚಿಟ್ಟಿದ್ದೆವು. ಮೊದಲು ನಾನು ಕವಡೆ ಹಾಸಿದೊಡನೆ ಬಂದು ಚೆಲ್ಲಾಪಿಲ್ಲಿ ಮಾಡುತ್ತಿದ್ದವಳು ಈಗ ಪಕ್ಕದಲ್ಲೇ ಕೂರಿಸಿದರೂ ಕೈ ಚಾಚುತ್ತಿರಲಿಲ್ಲ.

ಮುಂದಿನ ಸೋಮವಾರ ಕಂಪ್ಲಿಯ ರೈತನೊಬ್ಬ ಬೆಲ್ಲ ತಂದ. ಅಪ್ಪ ಬೆಲ್ಲದ ಅಚ್ಚಿನ ಮೇಲೆ ಹೆಬ್ಬೆರಳು ಒತ್ತಿದ. ಬಿದ್ದ ಗುಳಿ ಹಾಗೇ ಉಳಿಯಿತು.

"ಇದು ಬೆಲ್ಲದ ತೂಕ ಅಲ್ಲೋ ಮಾರಾಯ, ಮಳಿ ನೀರಿಂದು. ನೀರಿಗೆ ನಾ ರೊಕ್ಕ ಕೊಡಂಗಿಲ್ಲ."

"ನಿಮ್ಮ ಮಾತಿಗಿಂತ ನಿಮ್ಮ ಹೆಬ್ಬಟ್ಟಿಗೆ ಹೆದರಬೇಕು ನೋಡ್ರಿ ಸಾವ್ಕಾರ್ರ," ಎಂದು ಅವನು ದರ ಇಳಿಸಿ ಹೋದ.

ಆಮೇಲೆ ಅಪ್ಪ ಗೌರಿಯನ್ನು ಎತ್ತಿ ತಟ್ಟೆಯಲ್ಲಿ ಕೂರಿಸಿದ. ಕೈ ತೆಗೆದಾಗ ಅವಳ ಪಾದದ ಮೇಲೆ ಹೆಬ್ಬೆರಳಿನ ಗುಳಿ. ನೋಡುತ್ತಲೇ ನಿಂತ. ಗುಳಿ ಏಳಲಿಲ್ಲ. ಅಪ್ಪ ತೂಕದ ಕಲ್ಲು ಹಾಕಲಿಲ್ಲ.

ಬೆಲ್ಲದ ಲಾರಿಯಲ್ಲೇ ಹೊಸಪೇಟೆಯ ಆಸ್ಪತ್ರೆಗೆ ಹೋದೆವು.

"ಇದು ಮಾಂಸ ಅಲ್ಲ, ಬಾವು. ಮೈಯಾಗ ನೀರು ತುಂಬೈತಿ," ಎಂದರು ಡಾಕ್ಟರಮ್ಮ. "ಬರೇ ಗಂಜಿ ಕುಡಿಸೀರೇನು? ಮನ್ಯಾಗ ಬ್ಯಾಳಿ ಇಲ್ಲೇನ್ರಿ?"

"ಚೀಲಗಟ್ಟಲೆ ಐತ್ರಿ," ಎಂದ ಅಪ್ಪ.

ಬಾವು ಇಳಿಯಿತು. ಆಸ್ಪತ್ರೆಯ ತಕ್ಕಡಿ ಏಳು ಕಿಲೋ ತೋರಿಸಿತು. ಎಂಟು ಇದ್ದದ್ದು ಏಳು. ಶೇಕಡಾ ಹನ್ನೆರಡೂವರೆ ಕಡಿಮೆ. ಅಪ್ಪ ಕೇಳಲಿಲ್ಲ, ನಾನೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ನಾವು ಬಂದದ್ದೇ ತಡವಾಗಿತ್ತು; ಎರಡು ದಿನ ಬಿಟ್ಟು ಗೌರಿ ತೀರಿಕೊಂಡಳು.

ಅಪ್ಪ ಮತ್ತೆ ಅಂಗಡಿಯಲ್ಲಿ ಕೂರಲಿಲ್ಲ. ನಾನು ಸಂತೆಯಲ್ಲಿ ಬೆಲ್ಲ ಮಾರುತ್ತ ಬೆಳೆದು ಮೂರು ಅಂಗಡಿ ಕಟ್ಟಿದೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಆದರೆ ನನ್ನ ಕವಡೆ ಚೆಲ್ಲಾಡಿದ ಆ ಕೈಯನ್ನು ಯಾವ ದರಕ್ಕೂ ಕೊಳ್ಳಲಾಗಲಿಲ್ಲ.

ನೀವು ಕೂಸನ್ನು ತೂಗಿರಿ, ಶೇಕಡಾ ಲೆಕ್ಕವನ್ನೂ ಇಡಿರಿ. ಲೆಕ್ಕ ಬೇಡವೆನ್ನುವವಳಲ್ಲ ನಾನು. ಆದರೆ ಕೂಸು ಆಡುತ್ತದೆಯೇ, ಉಣ್ಣುತ್ತದೆಯೇ ಎಂದು ಅದರ ಅವ್ವನನ್ನು ಕೇಳಿರಿ. ಗಂಜಿಗೆ ಬೇಳೆ ಹಾಕಿರಿ. ಎರಡೂ ಪಾದಗಳನ್ನು ಮೆಲ್ಲಗೆ ಒತ್ತಿ ನೋಡಿರಿ. ಗುಳಿ ಏಳದಿದ್ದರೆ ತಕ್ಕಡಿ ಬಿಟ್ಟು ಮೊದಲು ಸಿಗುವ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿರಿ. ಸೋಮವಾರಕ್ಕೆ ಕಾಯಬೇಡಿರಿ.