ಗಂಟಲು ಕಟ್ಟಿದ ಭಾನುವಾರಗಳು

ಬೀದಿಯ ತುದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಆ ಹೆಂಗಸನ್ನು ಎಲ್ಲರೂ ಪೊಲೀಸಮ್ಮ ಎಂದೇ ಕರೆಯುತ್ತಿದ್ದರು. ಬಟ್ಟೆ ಕೈಗೆ ಬಂದರೆ ಮೊದಲು ಜೇಬು ತಡವಿ, ಕಾಲರ್ ಮೂಸಿ, ಆಮೇಲೆಯೇ ನೀರು ಚಿಮುಕಿಸುತ್ತಿದ್ದಳು. ಯಾರ ಮನೆಯ ಗಂಡಸು ಸಿಗರೇಟು ಬಿಟ್ಟೆನೆಂದು ಸುಳ್ಳು ಹೇಳುತ್ತಾನೆಂದು ಅವಳಿಗೆ ಗೊತ್ತು. ಗೊತ್ತಿದ್ದೂ ಬಾಯಿ ಬಿಡುತ್ತಿರಲಿಲ್ಲ, ಹುಬ್ಬು ಏರಿಸುತ್ತಿದ್ದಳು, ಅಷ್ಟೇ.

ಅವಳ ಗಂಡ ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವನು. ಚಿಕ್ಕಂದಿನಿಂದ ಉಗ್ಗು. ಮದುವೆಯಾದ ಹೊಸತರಲ್ಲಿ ಯಾರೋ ನೆಂಟ ಅವನನ್ನು ಅಣಕಿಸಿದ್ದು ಕಂಡು ಅವಳ ಮೈಯೆಲ್ಲ ಉರಿದುಹೋಗಿತ್ತು. ಅಂದಿನಿಂದ ಅವನು ಶುರು ಮಾಡಿದ ಮಾತನ್ನು ಮುಗಿಸುವುದು ಅವಳ ಪಾಲಿಗೆ ಬಂತು. ಅಂಗಡಿಯಲ್ಲಿ, ಡಾಕ್ಟರ ಹತ್ತಿರ, ಕೊನೆಗೆ ಮಗಳ ಅತ್ತೆಮನೆಯವರ ಎದುರಿಗೂ ಅವನ ಪರವಾಗಿ ಇವಳೇ. ಬರಬರುತ್ತಾ ಅವನು ಶುರು ಮಾಡುವುದನ್ನೇ ಬಿಟ್ಟ.

ಅಂಥವನು ನಿವೃತ್ತನಾದ ಮೇಲೆ ಭಾನುವಾರ ಬಂದರೆ ಸಾಕು, ಬೂಟು ಹಾಕಿಕೊಂಡು ಬೆಟ್ಟಕ್ಕೆ ಹೊರಡತೊಡಗಿದ. ಹೋಗಲಿ, ನಾಲ್ಕು ಉಸಿರು ಒಳ್ಳೆಯ ಗಾಳಿ ಕುಡಿಯಲಿ ಎಂದುಕೊಂಡಳು. ಆದರೆ ಸಂಜೆ ಬಂದವನ ದನಿ ಕೇಳಿ ಅವಳ ಕಿವಿ ನಿಮಿರಿತು. ಗಂಟಲು ಕಟ್ಟಿತ್ತು. ಮುಂದಿನ ವಾರವೂ ಅದೇ ಕಥೆ. ಮನೆಯಲ್ಲಿ ಹೂಂ, ಉಹೂಂ ಬಿಟ್ಟರೆ ತುಟಿ ಬಿಚ್ಚದ ಮನುಷ್ಯ ಗಂಟಲು ಕಟ್ಟುವಷ್ಟು ಮಾತಾಡುವುದು ಯಾರ ಹತ್ತಿರ? ಮುಖ ಬೇರೆ ಗೆಲುವಾಗಿತ್ತು.

“ಈ ಸಲ ನಾನೂ ಬರ್ತೀನಿ ರೀ,” ಎಂದಳು ಒಂದು ಭಾನುವಾರ.

ಅವನು ಬೂಟಿನ ಲೇಸು ಹಿಡಿದುಕೊಂಡೇ ತಲೆಯೆತ್ತಿದ. “ನೀನು ಬ... ಬ... ಬರಬೇ...”

“ಬರಬೇಡ ಅಂತಾನಾ? ಬಂದೇ ಬರ್ತೀನಿ. ಅಲ್ಲೇನಿದೆ, ನಾನೂ ನೋಡ್ಬೇಡ್ವಾ?”

ಅವನು ತಲೆ ತಗ್ಗಿಸಿ ಲೇಸು ಬಿಗಿದ. ಅದು ಅವಳ ಅನುಮಾನಕ್ಕೆ ಇನ್ನಷ್ಟು ತುಪ್ಪ ಸುರಿಯಿತು.

ಬೆಟ್ಟದ ಬುಡದಲ್ಲಿ ಗೇಟು ಕಾಯುವವಳು ದೂರದಿಂದಲೇ ಕೈ ಬೀಸಿದಳು. “ಬನ್ನಿ ಸಾರ್! ಇವತ್ತು ಜೊತೆಗೆ ಜನ ಬೇರೆ? ಹಾಗಾದ್ರೆ ಇವತ್ತು ಮಾತುಕತೆ ಇಲ್ಲ ಅನ್ನಿ!”

“ಯಾವ ಮಾತುಕತೆ?” ಪೊಲೀಸಮ್ಮ ಕೇಳಿದಳು.

ಗೇಟಿನವಳು ಅವನ ಮುಖ ನೋಡಿ ನಗುವನ್ನು ಅಲ್ಲೇ ನುಂಗಿಕೊಂಡಳು. “ಏನಿಲ್ಲಮ್ಮ. ಹುಷಾರು, ಕಲ್ಲು ಜಾರತ್ತೆ.”

ಹಾಗಾದರೆ ಇವಳಿಗೂ ಗೊತ್ತು! ಊರಿಗೆಲ್ಲ ಗೊತ್ತಿದ್ದು ತನಗೊಬ್ಬಳಿಗೇ ಗೊತ್ತಿಲ್ಲವೇನೋ. ಮೊದಲ ಜಲಪಾತದ ಬಳಿ ಬಾಟಲಿಗೆ ನೀರು ಹಿಡಿಯುತ್ತಿದ್ದ ಹುಡುಗಿಯೊಬ್ಬಳು ಅವನನ್ನು ನೋಡಿ ನಕ್ಕಳು.

“ಯಾರವಳು?”

“ಗೊ... ಗೊ...”

“ಗೊತ್ತಿಲ್ವಾ? ಗೊತ್ತಿಲ್ದೇ ಇರೋರು ಹಲ್ಲು ಕಿರೀತಾರಾ?”

ಎರಡನೆಯ ಜಲಪಾತ ದೊಡ್ಡದು. ಅದು ಕಾಣುವ ಮೊದಲೇ ಅದರ ಮೊರೆತ ಎದೆಗೆ ಬಡಿಯುತ್ತಿತ್ತು. ಅವಳಿಗೆ ಏದುಸಿರು ಬಂದಿತ್ತು. ಅವನು ಅವಳನ್ನು ಒಂದು ಬಂಡೆಯ ಮೇಲೆ ಕೂರಿಸಿ, ಈಗ ಬಂದೆ ಎಂದು ಕೈಸನ್ನೆ ಮಾಡಿ, ತಿರುವಿನಾಚೆ ಮರೆಯಾದ. ಹೋದವನು ಬರಲಿಲ್ಲ. ಅವಳು ಉಸಿರನ್ನೂ ಲೆಕ್ಕಿಸದೆ ಎದ್ದು, ಬಂಡೆ ಹಿಡಿದುಕೊಂಡು ಹಿಂದೆಯೇ ಹೋದಳು.

ಗಂಡಸಿನ ದನಿ ಕೇಳಿಸಿತು. ಎಲ್ಲೂ ತಡವರಿಸದ, ತುಂಬು ದನಿ. “ಕೇಳೇ ಇಲ್ಲಿ! ಎಷ್ಟು ದಿನದಿಂದ ಹೇಳ್ಬೇಕು ಅಂತಿದ್ದೆ. ಮಧ್ಯ ಬಾಯಿ ಹಾಕಬೇಡ, ಪೂರ್ತಿ ಕೇಳು!”

ಇದು ತನ್ನ ಗಂಡನ ದನಿಯಲ್ಲ ಎಂದು ಅವಳಿಗೆ ಸಮಾಧಾನವಾಯಿತು. ಇಣುಕಿದರೆ ಅವನೇ. ನೀರಿಗೆ ಮುಖ ಮಾಡಿ, ಕೈ ಬೀಸಿ ಬೀಸಿ ಮಾತಾಡುತ್ತಿದ್ದಾನೆ. ಅವಳು ಬಂಡೆಗಳ ಹಿಂದೆ ನೋಡಿದಳು, ಪೊದೆಗಳ ಸಂದಿಯಲ್ಲಿ ನೋಡಿದಳು. ನರಪಿಳ್ಳೆಯೂ ಇರಲಿಲ್ಲ.

“ಯಾರಿಗ್ರೀ ಹೇಳ್ತಿದ್ರಿ?” ಎಂದು ಕಿರುಚಿದಳು.

ಅವನು ಬೆಚ್ಚಿ ತಿರುಗಿದ. ಮುಖ ಕೆಂಪಾಯಿತು. ಆಮೇಲೆ ಮೊರೆತದ ಮೇಲೆಯೇ ಕೂಗಿದ. “ನಿನಗೇ ಕಣೇ! ಈ ಸದ್ದಲ್ಲಿ ನನ್ನ ದನಿ ನನಗೇ ಸರಿಯಾಗಿ ಕೇಳ್ಸಲ್ಲ. ಆಗ ಮಾತು ಸಿಕ್ಕಿಹಾಕ್ಕೊಳ್ಳಲ್ಲ. ಪ್ರೆಸ್ಸಲ್ಲಿ ಮಿಷನ್ ಓಡ್ತಿದ್ದಾಗಲೂ ಹೀಗೇ ಮಾತಾಡ್ತಿದ್ದೆ!”

ಈ ದನಿಯನ್ನು ಪ್ರೆಸ್ಸಿನವರೆಲ್ಲ ಕೇಳಿದ್ದರು. ಕೇಳದವಳು ತಾನೊಬ್ಬಳೇ.

“ನನಗೆ ಹೇಳ್ಬೇಕಾಗಿರೋದು ಏನು?”

“ಮೇಲೆ ಹೇಳ್ತೀನಿ. ಸದ್ದಿಲ್ಲದ ಕಡೆ. ಉಗ್ಗಿದ್ರೂ ಸರಿ.”

ಉಳಿದ ಏರಿನುದ್ದಕ್ಕೂ ಅವಳ ತಲೆಯಲ್ಲಿ ಹುಳು ಕೊರೆಯಿತು. ಬಿಟ್ಟುಹೋಗ್ತೀನಿ ಅನ್ನುತ್ತಾನಾ? ಏನಾದರೂ ಕಾಯಿಲೆಯಾ? ಇಷ್ಟೊಂದು ತಾಲೀಮು ಮಾಡಿ ಹೇಳುವಂಥದ್ದು ಒಳ್ಳೆಯದಂತೂ ಇರಲಾರದು.

ತುದಿಯಲ್ಲಿ ಬೋಳು ಬಂಡೆ, ಸಣ್ಣ ಗಾಳಿ. ಕೆಳಗೆ ಊರು ಚೆಲ್ಲಿದ ಕಾಳುಗಳಂತೆ ಕಾಣುತ್ತಿತ್ತು. ಅವನು ಕೂತ, ಅವಳನ್ನೂ ಕೂರಿಸಿದ.

“ನಾನು ಬೇ... ಬೇ...”

ಮಾತು ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಂಗೈಯಿಂದ ಬಾಯಿ ಒತ್ತಿಹಿಡಿದಳು.

“ಬೇ... ಅಂದ್ರೆ ಸಾಕು, ನೀನು ಬೇಡ ಅಂತ ಮು... ಮುಗಿಸ್ತೀಯ. ನಾ... ನಾನು ಹೇಳೋಕೆ ಹೊರಟಿರ್ತೀನಿ, ಬೇಕು ಅಂತ. ಟೀಗೆ ಸ... ಸಕ್ಕರೆ ಬೇಕಿತ್ತು. ಆ ಮ... ಮಹಡಿ ಮನೆ ಬೇಕಿತ್ತು. ಮಗಳಿಗೊಬ್ಬ ತ... ತ...”

ಅವಳು ಕೈ ತೆಗೆಯಲಿಲ್ಲ. ಮೋಡದ ನೆರಳೊಂದು ಇಡೀ ಇಳಿಜಾರನ್ನು ದಾಟಿಹೋಯಿತು.

“...ತಮ್ಮನೋ ತಂಗಿಯೋ ಬೇಕಿತ್ತು.”

ಆವತ್ತೇ ಯಾಕೆ ಹೇಳಲಿಲ್ಲ ಎನ್ನಲು ಹೋಗಿ ನುಂಗಿಕೊಂಡಳು. ಅದಕ್ಕೆ ಉತ್ತರ ಅವಳಿಗೇ ಗೊತ್ತಿತ್ತು. ಬದಲಿಗೆ ಕೇಳಿದಳು, “ನನ್ನ ಮೇಲೆ ಸಿಟ್ಟಿತ್ತಾ?”

“ಇ... ಇತ್ತು.” ಅವನು ಯೋಚಿಸಿದ. “ಸ್ವ... ಸ್ವಲ್ಪ ಈಗಲೂ ಇದೆ.”

ಅವಳು ತಲೆಯಾಡಿಸಿದಳು. ಕಣ್ಣೊರೆಸಿಕೊಳ್ಳುವಾಗ ಅವನು ಬೇರೆ ಕಡೆ ನೋಡಿದ.

ಇಳಿಯುವಾಗ ಎದುರಿಗೆ ಬಂದ ತರುಣನೊಬ್ಬ, “ಅಂಕಲ್, ತುದಿಗೆ ಇನ್ನೂ ಎಷ್ಟು ದೂರ?” ಎಂದ.

“ಇ... ಇ... ಇನ್ನೂ...”

ಪೊಲೀಸಮ್ಮ ತುಟಿ ಕಚ್ಚಿಕೊಂಡು ನಿಂತಳು. ಗಂಡನ ಕಡೆ ನೋಡಲಿಲ್ಲ. ಆ ತರುಣನ ತುಟಿಯ ಮೂಲೆಯನ್ನೇ ದಿಟ್ಟಿಸಿದಳು, ನಗು ಎಲ್ಲಾದರೂ ಇಣುಕುತ್ತದೆಯೋ ಎಂದು. ಇಣುಕಲಿಲ್ಲ. ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಅವನು ಉತ್ತರಕ್ಕಾಗಿ ಕಾಯುತ್ತ ನಿಂತಿದ್ದ.