ಏನು ನೋಡಿದ್ಯಪ್ಪ?

ನಮ್ಮ ಶ್ರೀರಾಂಪುರದಲ್ಲಿ ಅಪ್ಪ-ಮಕ್ಕಳ ಜಗಳ ಬಿಡಿಸಿಕೊಳ್ಳಲು ಎರಡು ಕಡೆ ಹೋಗಬಹುದು. ಒಂದು, ಹೈಸ್ಕೂಲು ಮೇಷ್ಟ್ರಾದ ನನ್ನ ಹತ್ತಿರ. ಇನ್ನೊಂದು, ಆರನೇ ಕ್ಲಾಸಿಗೇ ಶಾಲೆ ಬಿಟ್ಟ ಏಕಾಂತಮ್ಮನವರ ಹತ್ತಿರ. ನನ್ನ ಹತ್ತಿರ ಬಂದವರ ಜಗಳ ಸಾಮಾನ್ಯವಾಗಿ ಇನ್ನಷ್ಟು ದೊಡ್ಡದಾಗುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಒಪ್ಪಿಸಿದ್ದು ಸುಷ್ಮಿತಾಳ ಪ್ರಕರಣ.

ಏಕಾಂತಮ್ಮನವರಿಗೆ ಅರವತ್ತರ ಹತ್ತಿರ. ಭರಮಸಾಗರದ ಕಡೆಯ ಹಳ್ಳಿಯಿಂದ ಹದಿನಾರನೇ ವಯಸ್ಸಿಗೆ ಇಲ್ಲಿಗೆ ಸೊಸೆಯಾಗಿ ಬಂದವರು. ನಾಲ್ಕು ಎಕರೆ ಹೊಲ, ಮನೆ ಮುಂದೆ ಉದ್ದನೆ ಜಗುಲಿ, ಬಾಯಿ ಸ್ವಲ್ಪ ಜೋರು. ಯುಗಾದಿ ಕಳೆದ ಮೇಲೆ ಮುಂಗಾರು ಬಿತ್ತನೆಯವರೆಗೆ ಆ ಜಗುಲಿಯ ಮೇಲೆ ಬಿತ್ತನೆ ಶೇಂಗಾ ಸುಲಿಯುವ ಕೆಲಸ. ಯಾವ ಮನೆಯಲ್ಲಿ ದೊಡ್ಡವರಿಗೂ ಹುಡುಗರಿಗೂ ಮಾತು ನಿಂತಿದೆಯೋ ಆ ಮನೆಗೆ ಹೇಳಿಕಳಿಸುತ್ತಾರೆ: "ಕೈ ಸಾಲ್ತಿಲ್ಲ, ಬರ್ರಿ."

ಬಂದ ಇಬ್ಬರನ್ನೂ ಒಂದೇ ಮೊರದ ಆಚೆ ಈಚೆ ಕೂರಿಸುತ್ತಾರೆ. ಬುದ್ಧಿ ಹೇಳುವುದಿಲ್ಲ. ಷರತ್ತು ಒಂದೇ: ಕಾಳು ಹೋಳಾಗಬಾರದು, ಅದರ ಕೆಂಪು ಸಿಪ್ಪೆ ಕಿತ್ತು ಬರಬಾರದು, ಬಂದರೆ ಹೊಲದಲ್ಲಿ ಹುಟ್ಟುವುದಿಲ್ಲ. ಸಿಟ್ಟಿನ ಕೈಯಲ್ಲಿ ಶೇಂಗಾ ಸುಲಿದು ನೋಡಿ, ಅರ್ಧಕ್ಕರ್ಧ ಹೋಳಾಗಿರುತ್ತದೆ. ಹೋಳಾದದ್ದೆಲ್ಲ ಚಟ್ನಿಗೆ. ಏಕಾಂತಮ್ಮನವರ ಮನೆಯಲ್ಲಿ ಚಟ್ನಿ ಜಾಸ್ತಿಯಾದರೆ ಯಾರ ಮನೆಯಲ್ಲೋ ಜಗಳ ಜೋರಾಗಿದೆ ಎಂದು ಊರು ನಗುತ್ತದೆ. ಕಾಳು ಉಳಿಯಬೇಕಾದರೆ ಕಣ್ಣು ಕೈಮೇಲಿರಬೇಕು, ಎದುರಿನವರ ಮುಖ ದುರುಗುಟ್ಟುವ ಹಾಗಿಲ್ಲ. ಬೆರಳು ಸಡಿಲವಾಗಬೇಕು. ಬೆರಳು ಸಡಿಲವಾದ ಸ್ವಲ್ಪ ಹೊತ್ತಿಗೆ ನಾಲಿಗೆಯೂ ಸಡಿಲವಾಗುತ್ತದೆ. ಬಿ.ಎಡ್.ನಲ್ಲಿ ನನಗೆ ಇದನ್ನು ಯಾರೂ ಕಲಿಸಲಿಲ್ಲ.

ಸುಷ್ಮಿತಾ ನನ್ನ ವಿದ್ಯಾರ್ಥಿನಿ. ಬೋರ್‌ವೆಲ್ಲಿನ ಸ್ಟಾರ್ಟರ್ ಕೈಕೊಟ್ಟರೆ ತಾನೇ ಬಿಚ್ಚಿ ಸರಿಮಾಡುವ ಹುಡುಗಿ. ಹೋದ ವರ್ಷ ಎಸ್ಸೆಸ್ಸೆಲ್ಸಿ ಪಾಸಾದವಳು, ಹೊಸದುರ್ಗದಲ್ಲಿ ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗುತ್ತೇನೆ ಎಂದು ಅಪ್ಪ ಓಬಳೇಶನನ್ನು ಕೇಳಿದಳು. ಅವನು "ನೋಡಾಣ" ಅಂದ. ನಮ್ಮ ಕಡೆ ದೊಡ್ಡವರು ಮಕ್ಕಳಿಗೆ 'ನೋಡಾಣ' ಅಂದರೆ 'ಆಗಲ್ಲ' ಅಂತಲೇ ಅರ್ಥ. ಸೈಕಲ್ಲಿಗೆ, ಶಾಲೆಯ ಟೂರಿಗೆ, ಹೊಸ ಚಪ್ಪಲಿಗೆ 'ನೋಡಾಣ' ಕೇಳಿಸಿಕೊಂಡೇ ನಾವೆಲ್ಲ ಬೆಳೆದವರು.

ಹುಡುಗಿ ಅಳುತ್ತಾ ನನ್ನ ಹತ್ತಿರ ಬಂದಳು. ನನಗೋ ಮೊದಲೇ ಮಾತಿನ ಚಪಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಕ್ಕ ಓಬಳೇಶನಿಗೆ ನಾಲ್ಕು ಜನರ ಮುಂದೆ ಸ್ತ್ರೀಶಿಕ್ಷಣದ ಬಗ್ಗೆ ಭಾಷಣ ಬಿಗಿದೆ. ಅವನು ಅರ್ಧ ಲೋಟ ಟೀ ಹಾಗೇ ಬಿಟ್ಟು ಎದ್ದುಹೋದ. ಮನೆಗೆ ಹೋಗಿ "ಊರ ಮುಂದೆ ನನ್ನ ಮಾನ ಹರಾಜು ಹಾಕಿ ಬಂದ್ಯಾ?" ಅಂದನಂತೆ. ಅವಳು "ನೀನು ಯಾವತ್ತು ನನ್ನ ಮಾತು ಕೇಳಿದೀಯ?" ಅಂದಳಂತೆ. ಆಮೇಲೆ ಹನ್ನೊಂದು ದಿನ ಮಾತಿಲ್ಲ. "ಊಟಕ್ಕೆ ಬರಾಕೆ ಹೇಳು", "ಹಸಿವಿಲ್ಲ ಅಂತ ಹೇಳು" ಎಂದು ತಾಯಿ ಮೀನಾಕ್ಷಿಯನ್ನು ನಡುವೆ ಓಡಾಡಿಸಿದರು. ಐಟಿಐ ಅರ್ಜಿಯ ಕೊನೆಯ ದಿನ ಹತ್ತಿರ ಬರುತ್ತಿತ್ತು.

ಏಕಾಂತಮ್ಮನವರು ಅಪ್ಪ-ಮಗಳನ್ನು ಕರೆಸಿದರು. ನನ್ನನ್ನೂ ಕರೆಸಿದರು. "ಮೇಷ್ಟ್ರೇ, ಉರಿಯೋ ಬೆಂಕಿಗೆ ತುಪ್ಪ ಸುರಿದು ಬಂದಿದೀರಿ. ನೀವೂ ಕುಂತ್ಕಳ್ರಿ. ಕೈ ಆಡ್ಲಿ, ಬಾಯಿ ಮಾತ್ರ ಮುಚ್ಕಂಡಿರ್ರಿ."

ಒಂದು ಗಂಟೆ ಸುಲಿದೆವು. ಓಬಳೇಶನ ಮುಂದೆ ಹೋಳುಗಳ ಗುಡ್ಡೆಯೇ ಬಿದ್ದಿತ್ತು.

"ಏನಪ್ಪ ಓಬಳೇಶ, ನಿನ್ನನ್ನ ಬಿತ್ತನೆಗೆ ಕರೆದ್ನಾ, ಚಟ್ನಿಗೆ ಕರೆದ್ನಾ?"

ಸುಷ್ಮಿತಾ ನಗು ತಡೆದುಕೊಂಡಳು. ಅವಳ ಗುಡ್ಡೆಯೂ ಅಷ್ಟೇ ಇತ್ತು. ಏಕಾಂತಮ್ಮನವರು ತಲೆ ಎತ್ತದೆ ಕೇಳಿದರು: "ನಿಮ್ಮಪ್ಪ ಏನಂದ ಮಗ?"

"ನೋಡಾಣ ಅಂದ, ಅಜ್ಜಿ."

"ಹಂಗಂದ್ರೇನು?"

"ಆಗಲ್ಲ ಅಂತ."

ಓಬಳೇಶನ ಕೈ ನಿಂತಿತು. "ಯಾರ್ ಹೇಳಿದ್ರು ನಿಂಗೆ ಹಂಗಂತ?" ಹನ್ನೊಂದು ದಿನದ ಮೇಲೆ ಮಗಳಿಗೆ ಆಡಿದ ಮೊದಲ ಮಾತು ಅದು.

ಅವನು ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದ. ಮಡಚಿದ ಕಡೆ ಹರಿದುಹೋಗಿದ್ದ ಐಟಿಐ ಅರ್ಜಿ. ಅಂಗಿ ಬದಲಾಯಿಸಿದಾಗಲೆಲ್ಲ ಜೇಬಿನಿಂದ ಜೇಬಿಗೆ ದಾಟಿಸಿಕೊಂಡು ಬಂದಿದ್ದನಂತೆ. "ನೋಡಾಣ ಅಂದಿದ್ದು ನೋಡಾಣ ಅಂತ್ಲೇ. ಮಾರನೇ ದಿನಾನೇ ಹೊಸದುರ್ಗಕ್ಕೆ ಹೋಗಿ ನೋಡ್ಕಂಡ್ ಬಂದೆ. ಹೆಣ್ಮಕ್ಕಳು ಎಷ್ಟು ಜನ ಬರ್ತಾರೆ, ವಾಪಸ್ ಬರಾಕೆ ಬಸ್ ಎಷ್ಟೊತ್ತಿಗೈತೆ, ಎಲ್ಲಾ ಕೇಳ್ದೆ. ಇಲ್ಲಿ ಇಳಿದು ಟೀ ಕುಡಿಯಾಣ ಅಂತ ಕುಂತ್ರೆ ಈ ಮೇಷ್ಟ್ರು..."

ಸುಳ್ಳೇಕೆ ಹೇಳಲಿ, ಆ ಕ್ಷಣ ಮೊರದೊಳಗೆ ಮುಖ ಹುದುಗಿಸುವಷ್ಟು ನಾಚಿಕೆಯಾಯಿತು.

"ಮತ್ತೆ ಹೇಳ್ಬಾರ್ದಾಗಿತ್ತೇನಪ್ಪ?" ಹುಡುಗಿ ಅಳುತ್ತಿದ್ದಳು.

"ನೀನು ಇನ್ನೊಂದ್ಸಲ ಕೇಳ್ಬಾರ್ದಾಗಿತ್ತಾ?"

ಏಕಾಂತಮ್ಮನವರು ಆಗ ಬಾಯಿಬಿಟ್ಟರು. "ನೋಡಾಣ ಅಂದೋನು ಯಾವತ್ತು ಹೇಳ್ತೀನಿ ಅಂತಾನೂ ಹೇಳ್ಬೇಕು, ಓಬಳೇಶ. ನೀನು ಮಗ, 'ಏನು ನೋಡಿದ್ಯಪ್ಪ' ಅಂತ ಹಿಂದೆ ಬಿದ್ದು ಕೇಳ್ಬೇಕು. ನಂಗೂ ನಮ್ಮಪ್ಪ ನೋಡಾಣ ಅಂದಿದ್ದ. ಏಳನೇ ಕ್ಲಾಸಿಗೆ ಕಳಿಸು ಅಂದಿದ್ದೆ."

"ಆಮೇಲೆ, ಅಜ್ಜಿ?"

"ಆಮೇಲೇನು, ಇಲ್ಲಿ ಶೇಂಗಾ ಸುಲೀತಾ ಇದೀನಿ."

"ನೀವು ಇನ್ನೊಂದ್ಸಲ ಕೇಳಿದ್ರಾ?"

ಹುಡುಗಿ ಸಹಜವಾಗಿ ಕೇಳಿದಳು. ಏಕಾಂತಮ್ಮನವರ ಬೆರಳಲ್ಲಿ ಒಂದು ಕಾಳು ಹೋಳಾದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅದನ್ನು ಎತ್ತಿ ಚಟ್ನಿಯ ತಟ್ಟೆಗೆ ಹಾಕಿದರು.

ಮಾರನೇ ದಿನ ಅಪ್ಪ-ಮಗಳು ಹೊಸದುರ್ಗಕ್ಕೆ ಹೋಗಿ ಅರ್ಜಿ ಕೊಟ್ಟು ಬಂದರು. ಈಗ ಸುಷ್ಮಿತಾ ದಿನಾ ಬೆಳಿಗ್ಗೆ ಟೆಸ್ಟರು, ಕಟಿಂಗ್ ಪ್ಲೇಯರಿನ ಚೀಲ ಹಿಡಿದು ಬಸ್ಸು ಹತ್ತುತ್ತಾಳೆ. ಊರಿನ ಹುಡುಗರ ಬಾಯಲ್ಲೆಲ್ಲ 'ಏನು ನೋಡಿದ್ಯಪ್ಪ' ಓಡಾಡುತ್ತಿದೆ. ನನ್ನ ಮಗಳು ಶಾಲಿನಿ ಕೂಡ ವಾರಕ್ಕೆ ಎರಡು ಸಲ ನನ್ನನ್ನು ಅದರಿಂದಲೇ ತಿವಿಯುತ್ತಾಳೆ.

ಆದರೆ ನಾನು ಈ ಹೆಂಗಸಿಗೆ ಕೈಮುಗಿಯುವುದು ಅಷ್ಟಕ್ಕೇ ಅಲ್ಲ. ಮಕ್ಕಳಿಗೆ ಬುದ್ಧಿ ಹೇಳುವವರು ಬೀದಿಗೊಬ್ಬರಿದ್ದೇವೆ. ಹೇಳಿದ್ದನ್ನು ತಾವೂ ಮಾಡಿದವರು ಇವರೊಬ್ಬರೇ.

ಬಿತ್ತನೆ ಮುಗಿದ ವಾರ ಅವರು ತವರಿಗೆ ಹೋದರು. ಅಪ್ಪ ದೊಡ್ಡತಿಮ್ಮಪ್ಪನಿಗೆ ತೊಂಬತ್ತರ ಹತ್ತಿರ, ಕಿವಿ ಮಂದ. ಪಕ್ಕದಲ್ಲಿ ಕೂತು, ನಲವತ್ತೇಳು ವರ್ಷದ ಹಿಂದಿನ ಮಾತು ನೆನಪಿಸಿ, ಕೂಗಿ ಕೇಳಿದರಂತೆ: "ಏನು ನೋಡಿದ್ಯಪ್ಪ?"

ವಾಪಸ್ ಬಂದ ದಿನ ಜಗುಲಿಯ ಮೇಲೆ ಸುಮ್ಮನೆ ಕೂತಿದ್ದರು. ಅಪ್ಪ ಏನಂದರು ಎಂದು ಕೇಳಿದೆ.

"ಭರಮಸಾಗರಕ್ಕೆ ನಡ್ಕಂಡು ಹೋಗಿ ಹೆಡ್ಮೇಷ್ಟ್ರನ್ನ ಕಂಡಿದ್ನಂತೆ ಮೇಷ್ಟ್ರೇ. ಕಳಿಸಪ್ಪ ಅಂದಿದ್ರಂತೆ ಅವರೂ. 'ನೀನು ಮತ್ತೆ ಬಾಯಿ ಬಿಡ್ಲಿಲ್ಲವ್ವ, ಆಸೆ ಹೋಯ್ತೇನೋ ಅನ್ಕಂಡೆ' ಅಂದ."

ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇಷ್ಟು ವರ್ಷ ಅವನ ಮೇಲೆ ಸಿಟ್ಟು ಇಟ್ಕಂಡಿದ್ದೆ. ಹೋಗ್ಲಿ, ಅವನಿದ್ದಾಗ್ಲೇ ಕೇಳಿದ್ನಲ್ಲ."