ಅತ್ತೆಯ ಜೊತೆ ಒಂದೇ ಬೆಂಚಿನಲ್ಲಿ

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿ ಡಿಗ್ರಿಗೆ ಸೇರಿದ ವರ್ಷವೇ ನನ್ನ ಸೋದರತ್ತೆಯೂ ಸೇರಿದಳು. ಅದೇ ಕಾಲೇಜು, ಅದೇ ತರಗತಿ. ನನಗಾಗ ಇಪ್ಪತ್ತು, ಅವಳಿಗೆ ನಲವತ್ತೊಂದು. ನಲವತ್ತೆಂಟು ಜನರಿದ್ದ ಆ ತರಗತಿಯಲ್ಲಿ ಹೆಣ್ಣುಮಕ್ಕಳೆಂದರೆ ನಾವಿಬ್ಬರೇ. ಆ ಮೂರು ವರ್ಷಗಳನ್ನು ಈಗ ನೆನೆದರೆ ನಗುವೂ ಬರುತ್ತದೆ, ಮೊದಲ ನಾಲ್ಕು ತಿಂಗಳು ನೆನಪಾದರೆ ನಾಚಿಕೆಯೂ ಆಗುತ್ತದೆ.

ಅತ್ತೆ ನೀರಿನ ಪಂಪ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದಲ್ಲಿದ್ದಳು. ಕಬ್ಬಿಣ ಕಡೆಯುವ ಲೇಥ್ ಯಂತ್ರದಿಂದ ಇಳಿದ ಒಂದೊಂದು ಶಾಫ್ಟೂ, ಅಂದರೆ ಪಂಪಿನೊಳಗೆ ತಿರುಗುವ ದಂಡವೂ, ಅವಳ ಮೇಜಿನ ಮೇಲೆ ಹಾದುಹೋಗಬೇಕು. ಅವಳು ಮೈಕ್ರೋಮೀಟರ್ ಹಿಡಿದು ಅಳೆಯುತ್ತಿದ್ದಳು. ಅಳತೆ ಸರಿಯಿದ್ದರೆ ಹಸಿರು ಬಣ್ಣದ ಚುಕ್ಕೆ, ತಪ್ಪಿದ್ದರೆ ಕೆಂಪು. ಹತ್ತೊಂಬತ್ತು ವರ್ಷ ಇದೇ ಕೆಲಸ. ಎಷ್ಟು ಬೇಡಿಕೊಂಡರೂ ಕೂದಲೆಳೆಯಷ್ಟು ಬಿಟ್ಟುಕೊಡದ ಅವಳಿಗೆ ಲೇಥ್ ನಡೆಸುವವರು ಕೆಂಪಕ್ಕ ಎಂದು ಹೆಸರಿಟ್ಟಿದ್ದರು. ಆ ಹೆಸರು ಕಿವಿಗೆ ಬಿದ್ದರೂ ಅವಳು ಬೇಸರ ಮಾಡಿಕೊಂಡವಳಲ್ಲ.

ಅವಳನ್ನು ಕಾಲೇಜಿಗೆ ಕಳಿಸಿದ್ದು ಒಂದು ನಕ್ಷೆ. ಕಾರ್ಖಾನೆಗೆ ಹೊಸದಾಗಿ ಬಂದಿದ್ದ ಎಂಜಿನಿಯರೊಬ್ಬ ಹೊಸ ಪಂಪಿನ ಶಾಫ್ಟಿಗೆ ಅಳತೆ ಗೊತ್ತುಮಾಡಿದ್ದ. ಅತ್ತೆ ನೋಡಿದವಳೇ, ಇಷ್ಟು ಬಿಗಿಯಾದರೆ ಶಾಫ್ಟನ್ನು ಹೊರುವ ಬೇರಿಂಗ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ ಎಂದಳು. ಅವನು ಒಳ್ಳೆಯವನೇ, ಕೂರಿಸಿ ಮರ್ಯಾದೆಯಿಂದಲೇ ಕೇಳಿದ, ಯಾಕೆ ಹಾಗೆ ಹೇಳುತ್ತೀರಿ, ಲೆಕ್ಕ ತೋರಿಸಿ ಎಂದು. ಅತ್ತೆಯ ಬಳಿ ಲೆಕ್ಕವಿರಲಿಲ್ಲ, ಬೆರಳುಗಳಷ್ಟೇ ಇದ್ದವು. ಅವನ ಅಳತೆಯಲ್ಲೇ ಪಂಪುಗಳು ಹೊರಟವು. ಆರು ತಿಂಗಳಲ್ಲಿ ಇನ್ನೂರು ಪಂಪುಗಳು ಬೇರಿಂಗ್ ಸುಟ್ಟುಕೊಂಡು ಹಿಂದಕ್ಕೆ ಬಂದವು. ಯಾರೂ ಅವಳನ್ನು ದೂರಲಿಲ್ಲ. ಅವುಗಳ ಲೆಕ್ಕ ಮುಗಿದ ದಿನ ಸಂಜೆ ಅವಳು ನಮ್ಮ ಮನೆಗೆ ಬಂದು ಅಪ್ಪನಿಗೆ ಹೇಳಿದಳು: “ಅಣ್ಣಾ, ನಾನು ಹೇಳಿದ್ದು ಸರಿಯಾಗೇ ಇತ್ತು. ಯಾಕೆ ಸರಿ ಅಂತ ಹೇಳೋಕೆ ನನಗೆ ಬರಲಿಲ್ಲ.”

ಡಿಪ್ಲೊಮಾ ಮಾಡಿಕೊಂಡವರು ನೌಕರಿ ಬಿಡದೆ ಓದಲೆಂದೇ ಇದ್ದ ಕೋರ್ಸು ಅದು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ತರಗತಿ. ಪುಸ್ತಕದಷ್ಟೇ ಯಂತ್ರದ ಮುಂದೆಯೂ ನಿಲ್ಲಿಸುತ್ತಿದ್ದರು. ಅತ್ತೆ ತನ್ನ ಪಾಳಿಯನ್ನು ಹನ್ನೊಂದಕ್ಕೆ ಬದಲಾಯಿಸಿಕೊಂಡಳು. ನನ್ನದು ಬೇರೆ ಕಥೆ. ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕಾಲು ಚಾಚಿಕೊಂಡಿದ್ದೆ. ಅರ್ಜಿ ತುಂಬಿದ್ದು ಅಪ್ಪ, ಸಹಿ ಹಾಕಿದ್ದು ನಾನು. ನನ್ನ ಉತ್ಸಾಹ ಅಷ್ಟಕ್ಕೇ ಮುಗಿದಿತ್ತು. ಅತ್ತೆಯೂ ಅಲ್ಲೇ ಸೇರುತ್ತಾಳೆಂದು ತಿಳಿದಾಗ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಮೊದಲ ದಿನ ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದು, ಮೊದಲ ಬೆಂಚಿನಲ್ಲಿ ಕುಳಿತಳು. ಅಧ್ಯಾಪಕಿ ಯಾರೋ ಬಂದರೆಂದುಕೊಂಡು ಹುಡುಗರೆಲ್ಲ ಎದ್ದು ನಿಂತರು. ಅವಳೂ ಗಾಬರಿಯಾಗಿ ಎದ್ದಳು. ನಾನು ಕೊನೆಯ ಬೆಂಚು ಸೇರಿದ್ದೆ. ತರಗತಿ ಮುಗಿದ ಮೇಲೆ, ಎತ್ತರದ ಕಾರಣಕ್ಕೆ ಎಲ್ಲರೂ ಏಣಿ ಎಂದು ಕರೆಯುತ್ತಿದ್ದ ಸಹಪಾಠಿಯೊಬ್ಬ, ನೀವಿಬ್ಬರೂ ಒಟ್ಟಿಗೆ ಬಂದ ಹಾಗಿತ್ತು, ಅವರು ನಿಮಗೆ ಏನಾಗಬೇಕು ಎಂದು ಕೇಳಿದ.

“ನಮ್ಮ ಬೀದಿಯವರು,” ಎಂದೆ.

ಹಿಂತಿರುಗಿದರೆ ಅತ್ತೆ ಎರಡು ಹೆಜ್ಜೆ ಹಿಂದೆಯೇ ನಿಂತಿದ್ದಳು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು ನನ್ನ ಪಕ್ಕದಲ್ಲೇ ಹಾದುಹೋಗುತ್ತಾ, “ಏನಮ್ಮಾ, ಮನೇಲಿ ಎಲ್ಲ ಚೆನ್ನಾಗಿದ್ದಾರಾ?” ಎಂದು ಕೇಳಿದಳು. ಹಿಂದಿನ ರಾತ್ರಿಯಷ್ಟೇ ನಮ್ಮ ಮನೆಯಲ್ಲಿ ಊಟ ಮಾಡಿ ಹೋಗಿದ್ದವಳು.

ಆಮೇಲೆ ನಾಲ್ಕು ತಿಂಗಳು ಅವಳು ನನ್ನ ಆ ಸುಳ್ಳನ್ನು ನಡೆಸಿಕೊಟ್ಟಳು. ಕಾಲೇಜಿನ ಗೇಟಿನವರೆಗೆ ನಾನು ಅವಳ ಪುಟ್ಟಿ. ಒಳಗೆ ಕಾಲಿಟ್ಟರೆ ಬರೀ ಏನಮ್ಮಾ. ಮನೆಯಲ್ಲಿ ಈ ವಿಷಯ ಒಮ್ಮೆಯೂ ಎತ್ತಲಿಲ್ಲ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು.

ಆ ದಿನಗಳಲ್ಲಿ ಅವಳು ಪಟ್ಟ ಪಾಡು ನೋಡಿಯೂ ನೋಡದ ಹಾಗಿದ್ದೆ. ಗಣಿತ ಅವಳಿಗೆ ಕಬ್ಬಿಣದ ಕಡಲೆ. ಇಪ್ಪತ್ತು ವರ್ಷದ ಹಿಂದೆ ಕಲಿತದ್ದೆಲ್ಲ ಅಳಿಸಿಹೋಗಿತ್ತು. ಮೇಷ್ಟ್ರು ಕೇಳಿದರೆ ಎದ್ದು ನಿಂತು, ಗೊತ್ತಿಲ್ಲ ಸಾರ್ ಎಂದು ಸ್ಪಷ್ಟವಾಗಿ ಹೇಳಿ ಕೂರುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು ಕೇಳಿಸುತ್ತಿತ್ತು. ನಾನು ನಗುತ್ತಿರಲಿಲ್ಲ; ತಲೆ ತಗ್ಗಿಸುತ್ತಿದ್ದೆ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೋ ಈಗಲೂ ತಿಳಿಯದು.

ನಾಲ್ಕನೆಯ ತಿಂಗಳು, ಒಂದು ಶನಿವಾರ, ವರ್ಕ್‌ಶಾಪಿನಲ್ಲಿ ಲೇಥ್ ಅಭ್ಯಾಸ. ಕಬ್ಬಿಣದ ಸರಳನ್ನು, ಅದನ್ನು ಹಿಡಿದು ತಿರುಗಿಸುವ ಯಂತ್ರದ ಬಾಯಿ ಅನ್ನಬಹುದಾದ ಚಕ್‌ಗೆ ಕೊಟ್ಟು ಕೀಲಿಯಿಂದ ಬಿಗಿಮಾಡಬೇಕು, ಬಿಗಿಮಾಡಿದ ಮೇಲೆ ಕೀಲಿಯನ್ನು ತೆಗೆದು ಪಕ್ಕಕ್ಕಿಡಬೇಕು; ಮರೆತರೆ ತಿರುಗುವ ರಭಸಕ್ಕೆ ಅದು ಹಾರಿಬರುತ್ತದೆ. ಲೇಥ್ ಮುಂದೆ ನಿಂತವರಿಗೆಲ್ಲ ಕಲಿಸುವ ಮೊದಲ ಪಾಠವೇ ಅದು. ನನ್ನ ಗಮನವೆಲ್ಲ ಏಣಿ ಹೇಳುತ್ತಿದ್ದ ಯಾವುದೋ ಜೋಕಿನ ಮೇಲಿತ್ತು. ಕೀಲಿ ಅಲ್ಲೇ ಸಿಕ್ಕಿಕೊಂಡಿರುವಾಗಲೇ ಸ್ವಿಚ್ ಒತ್ತಿದೆ.

ಪಕ್ಕದ ಲೇಥ್‌ನಲ್ಲಿದ್ದ ಅತ್ತೆ ಅದನ್ನು ನೋಡಿದ್ದಳು. ಕೂಗುವಷ್ಟು ಹೊತ್ತಿರಲಿಲ್ಲ. ಅವಳ ಹೆಗಲು ನನ್ನನ್ನು ಗುದ್ದಿತು, ನಾನು ನೆಲಕ್ಕೆ ಬಿದ್ದೆ, ಅವಳ ಬಲಗೈ ಕೆಂಪು ಗುಂಡಿಯ ಕಡೆ ಹೋಯಿತು. ಯಂತ್ರ ನಿಂತಿತು, ಆದರೆ ಕೀಲಿ ಅಷ್ಟರಲ್ಲಿ ಹಾರಿ ಅವಳ ಮಣಿಕಟ್ಟಿಗೆ ಬಡಿದಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಕೈಯನ್ನು ಎದೆಗವಚಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಲ್ಲೂ ತಾಗಲಿಲ್ಲ ತಾನೇ?” ಎಂದು ಕೇಳಿದಳು.

ವರ್ಕ್‌ಶಾಪಿನ ಮೇಷ್ಟ್ರು, ಏಣಿ ಮತ್ತು ನಾನು ಸೇರಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆವು. ನರ್ಸ್ ಕಾಗದ ಹಿಡಿದು ಹೊರಗೆ ಬಂದು, ಇವರ ಕಡೆಯವರು ಯಾರು ಎಂದಳು. ಮೇಷ್ಟ್ರು ನಮ್ಮಿಬ್ಬರ ಮುಖ ನೋಡಿದರು.

“ನಾನು,” ಎಂದೆ. “ನನ್ನ ಸೋದರತ್ತೆ. ನಮ್ಮಪ್ಪನ ತಂಗಿ.”

ಏಣಿಯ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಬಾಗಿಲು ಅರ್ಧ ತೆಗೆದಿದ್ದರಿಂದ ಒಳಗೆ ಮಲಗಿದ್ದ ಅತ್ತೆಗೂ ಅದು ಕೇಳಿಸಿತ್ತು. ನಾನು ಸಹಿ ಹಾಕಿ ಒಳಗೆ ಹೋದಾಗ, ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಸೂರು ನೋಡುತ್ತಿದ್ದಳು. “ಅಂತೂ ಬೀದಿಯಿಂದ ಮನೆಯೊಳಗೆ ಕರಕೊಂಡೆ,” ಎಂದಳು. ಅಷ್ಟು ಸಾಕಾಯಿತು. ಅವಳ ಮಂಚದ ಅಂಚಿನಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಎಡಗೈಯಿಂದ ನನ್ನ ತಲೆ ಸವರುತ್ತಾ, ಕೀಲಿ ತೆಗೆಯುವುದನ್ನು ಇನ್ನು ಜನ್ಮದಲ್ಲಿ ಮರೆಯಲ್ಲ ಬಿಡು, ಅದಾದರೂ ಲಾಭ ಎಂದಳು.

ಮುಂದಿನ ಆರು ವಾರ ನಾನು ಅವಳ ಬಲಗೈಯಾದೆ. ಬೆಳಿಗ್ಗೆ ಐದೂವರೆಗೆ ಅವಳ ಮನೆಗೆ ಹೋಗಿ ಜಡೆ ಹಾಕುತ್ತಿದ್ದೆ. ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಅವಳ ಪಕ್ಕ ಕುಳಿತು, ನನಗೊಂದು ಅವಳಿಗೊಂದು, ಎರಡೆರಡು ಪ್ರತಿ ಟಿಪ್ಪಣಿ ಬರೆಯುತ್ತಿದ್ದೆ. ಸಂಜೆ ಅವಳು ಹೇಳಿದಂತೆ ಲೆಕ್ಕ ಬಿಡಿಸುತ್ತಿದ್ದೆ. ಅರ್ಥವಾಗದ ಜಾಗ ಬಂದರೆ ಅವಳು ಮುಂದಕ್ಕೆ ಬಿಡುತ್ತಿರಲಿಲ್ಲ. ಇಲ್ಲಿ ಇದು ಎಲ್ಲಿಂದ ಬಂತು, ಆ ಸಾಲಿಗೂ ಈ ಸಾಲಿಗೂ ನಡುವೆ ಏನಾಯಿತು ಎಂದು ಬೆನ್ನು ಬೀಳುತ್ತಿದ್ದಳು. ಅವಳಿಗೆ ಉತ್ತರ ಕೊಡುವುದಕ್ಕಾಗಿ ನಾನು ಪುಸ್ತಕ ಹುಡುಕಬೇಕಾಯಿತು. ಹೀಗೆ, ಓದಬೇಕೆಂದು ಒಂದು ದಿನವೂ ಹೊರಡದ ನಾನು ಓದಿಬಿಟ್ಟೆ.

ಅವಳ ಮನೆ ಎರಡು ಕೋಣೆಯದು. ಮುಂದಿನ ಕೋಣೆಯ ಕಿಟಕಿಯ ಬಳಿ ಮಾವನ ಹೊಲಿಗೆ ಯಂತ್ರ. ಮಾವ ಟೈಲರ್, ಕತ್ತಿನಲ್ಲಿ ಟೇಪು ನೇತಾಡದ ಅವರನ್ನು ನಾನು ಕಂಡದ್ದೇ ಕಡಿಮೆ. ನಮ್ಮಿಬ್ಬರದೂ ಅಳೆಯುವ ಕಸುಬೇ, ಆದರೆ ನಾನು ತಪ್ಪಿದರೆ ಹೊಲಿಗೆ ಬಿಚ್ಚಿ ಸರಿಮಾಡಬಹುದು, ಇವಳದರಲ್ಲಿ ಬಿಚ್ಚುವ ಮಾತೇ ಇಲ್ಲ ಎಂದು ನಗುತ್ತಿದ್ದರು. ಒಂದು ಸಂಜೆ ನಾನು ಡ್ರಾಯಿಂಗ್ ಹಾಳೆಯ ಮುಂದೆ ತಲೆ ಚಚ್ಚಿಕೊಳ್ಳುತ್ತಿದ್ದೆ. ತಗಡಿನ ಕೊಳವೆಯೊಂದನ್ನು ಓರೆಯಾಗಿ ಕತ್ತರಿಸಿ ಇನ್ನೊಂದಕ್ಕೆ ಜೋಡಿಸಬೇಕು. ಆ ತಗಡನ್ನು ಬಿಡಿಸಿ ನೆಲದ ಮೇಲೆ ಹಾಸಿದರೆ ಅಂಚು ಹೇಗೆ ಕಾಣುತ್ತದೆ ಎಂಬುದು ಪ್ರಶ್ನೆ. ನಾನು ಎಳೆದ ಗೆರೆ ನೋಡಿ ಅತ್ತೆ ಇದಲ್ಲ ಎಂದು ತಲೆಯಾಡಿಸಿದಳು, ಆದರೆ ಸರಿ ಯಾವುದೆಂದು ಅವಳಿಗೂ ಹೇಳಲಾಗಲಿಲ್ಲ. ಮಾವ ಯಂತ್ರ ನಿಲ್ಲಿಸಿ ಹತ್ತಿರ ಬಂದರು.

“ಇದು ತೋಳಲ್ವೇನಮ್ಮಾ?” ಎಂದರು.

ಹಳೆಯ ಪತ್ರಿಕೆ ತೆಗೆದು, ಗೆರೆಯನ್ನೂ ಎಳೆಯದೆ, ಅಂಗಿಯ ತೋಳನ್ನು ಕತ್ತರಿಸುವಂತೆ ಅಂಚನ್ನು ಒಂದು ಅಲೆಯಂತೆ ತಿರುಗಿಸಿ ಕತ್ತರಿಸಿದರು. ಸುರುಳಿ ಸುತ್ತಿ ಹಿಡಿದರೆ ಓರೆ ಬಾಯಿಯ ಕೊಳವೆ. ಅತ್ತೆ ಅದನ್ನು ಕೈಗೆ ತೆಗೆದುಕೊಂಡು ಬಿಡಿಸಿದಳು, ಸುತ್ತಿದಳು, ಮತ್ತೆ ಬಿಡಿಸಿದಳು. ಇಪ್ಪತ್ತು ವರ್ಷ ಜೊತೆಗೆ ಬಾಳ್ವೆ ಮಾಡಿದ್ದೀನಿ, ನಿಮಗೆ ಇದೆಲ್ಲ ಬರುತ್ತೆ ಅಂತ ಒಂದು ದಿನವೂ ಹೇಳಲಿಲ್ಲವಲ್ಲ ಎಂದಳು. ನೀನು ಕೇಳಿದರೆ ತಾನೇ ಎಂದು ಮಾವ ಪೆಡಲ್ ತುಳಿಯತೊಡಗಿದರು. ಆ ಕೋಣೆಯ ಯಂತ್ರದ ಸದ್ದು, ಬಟ್ಟೆಯ ಗಂಜಿಯ ವಾಸನೆ, ಪೆನ್ಸಿಲ್ ಹೊಟ್ಟು ಬಿದ್ದ ಚಾಪೆ, ಇವೆಲ್ಲ ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಮಾವ ಹೋಗಿಯೇ ಎಂಟು ವರ್ಷವಾಯಿತು.

ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಇಡೀ ತರಗತಿ ಅವಳನ್ನು ಅತ್ತೆ ಎಂದೇ ಕರೆಯುತ್ತಿತ್ತು. ಶುರುಮಾಡಿದವನು ಏಣಿ. ಯಾರ ಸರಳಿನ ಅಳತೆ ತಪ್ಪಿದರೂ, ಅತ್ತೆ ಒಂದ್ಸಲ ನೋಡಿ ಎಂದು ಓಡಿಬರುತ್ತಿದ್ದರು. ಒಮ್ಮೆ ಹಾಜರಿ ಕೂಗುವಾಗ ಗಣಿತದ ಮೇಷ್ಟ್ರೂ ಬಾಯಿ ತಪ್ಪಿ ಅತ್ತೆ ಎಂದುಬಿಟ್ಟರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅವಳೊಬ್ಬಳೇ ಗಂಭೀರವಾಗಿ ಎದ್ದು, ಇದ್ದೀನಿ ಸಾರ್ ಎಂದಳು. ಗಣಿತದಲ್ಲಿ ಆ ವರ್ಷ ಅವಳು ಪಾಸಾದಳು, ಪಾಸಿಗೆ ಬೇಕಾದ ನಲವತ್ತಕ್ಕಿಂತ ಕೇವಲ ಎರಡು ಅಂಕ ಹೆಚ್ಚು.

ಎಡವಿದ್ದು ಥರ್ಮೋಡೈನಮಿಕ್ಸ್‌ನಲ್ಲಿ. ಶಾಖದ ಶಾಸ್ತ್ರ ಕಲಿಸುತ್ತಿದ್ದ ಮೇಡಂಗೆ ಮೂವತ್ತು ದಾಟಿರಲಿಲ್ಲ. ಎಂಟ್ರೊಪಿ ಎಂಬುದರ ವ್ಯಾಖ್ಯೆಯನ್ನು ಅವರು ಬೋರ್ಡಿನ ಮೇಲೆ ಬರೆದ ದಿನ ಅತ್ತೆ ಕೈಯೆತ್ತಿ, ಇದನ್ನು ಯಾವ ಗೇಜಿನಿಂದ ಅಳೆಯುತ್ತಾರೆ ಎಂದು ಕೇಳಿದಳು. ಅದಕ್ಕೆ ಗೇಜ್ ಇಲ್ಲ, ಲೆಕ್ಕ ಹಾಕಿ ತಿಳಿಯಬೇಕು ಎಂದರು ಮೇಡಂ.

“ಅಳೆಯೋಕೆ ಆಗದೇ ಇರೋದನ್ನ ಇದೆ ಅಂತ ಹೇಗೆ ಬರೀಲಿ ಮೇಡಂ?”

ತರಗತಿ ನಕ್ಕಿತು, ಆದರೆ ಅವಳು ತಮಾಷೆ ಮಾಡುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಕಣ್ಣಿಂದ ಕಂಡದ್ದಕ್ಕಷ್ಟೇ ಚುಕ್ಕೆಯಿಟ್ಟವಳಿಗೆ, ಕಾಣದ್ದಕ್ಕೆ ಒಪ್ಪಿಗೆ ಕೊಡಲು ಮನಸ್ಸು ಬರುತ್ತಿರಲಿಲ್ಲ. ಬಾಯಿಪಾಠ ಮಾಡಿ ಬರೆದುಬಿಡು ಎಂದು ನಾನು ಅಂಗಲಾಚಿದೆ. ಅದಕ್ಕೆ ಇಲ್ಲಿಗೆ ಬರಬೇಕಿತ್ತಾ ಎಂದಳು. ಎರಡು ಸಲ ಫೇಲಾದಳು. ನಾವೆಲ್ಲ ಡಿಗ್ರಿ ಮುಗಿಸಿ ಹೊರಬಿದ್ದಾಗ ಅವಳೊಬ್ಬಳಿಗೆ ಆ ಒಂದು ವಿಷಯ ಉಳಿದಿತ್ತು. ಕೊನೆಗೆ ಮೇಡಂ ತಾವೇ ಒಂದು ಬೆಳಿಗ್ಗೆ ಅವಳ ಕಾರ್ಖಾನೆಗೆ ಹೋದರಂತೆ. ಗಾಳಿ ತುಂಬುವ ಕಂಪ್ರೆಸರ್ ಮುಂದೆ ಅವಳನ್ನು ನಿಲ್ಲಿಸಿ, ಬಿಸಿ ಪೈಪಿನ ಮೇಲೆ ಕೈಯಾಡಿಸಲು ಹೇಳಿ, ಈ ಬಿಸಿ ಗಾಳಿಗೆ ಹೋಯಿತಲ್ಲ, ಇದನ್ನು ಮತ್ತೆ ಹಿಡಿದು ಪೂರ್ತಿ ಕೆಲಸಕ್ಕೆ ಹಚ್ಚಲು ನಿಮ್ಮಿಂದ ಆಗುತ್ತಾ ಎಂದು ಕೇಳಿದರಂತೆ. ಅತ್ತೆ ಪೈಪಿನ ಮೇಲೆ ಮತ್ತೊಮ್ಮೆ ಕೈಯಾಡಿಸಿ, ಆಗಲ್ಲ ಎಂದಳಂತೆ. ಎಷ್ಟು ಆಗಲ್ಲ ಅನ್ನೋದಕ್ಕೇ ಆ ಎಂಟ್ರೊಪಿಯ ಲೆಕ್ಕ ಎಂದರಂತೆ ಮೇಡಂ. ಮೂರನೆಯ ಸಲ ಅವಳಿಗೆ ನೂರಕ್ಕೆ ಎಪ್ಪತ್ತೊಂದು ಬಂತು. ಪದವಿ ಪ್ರದಾನದ ದಿನ ಎರಡನೆಯ ಸಾಲಿನಲ್ಲಿ ನಾನು, ಅಪ್ಪ, ಮಾವ. ಕಪ್ಪು ಗೌನನ್ನು ಮಾವನೇ ಅವಳ ಅಳತೆಗೆ ಹೊಲಿದಿದ್ದರು. ಬಾಡಿಗೆಗೆ ಸಿಗುವ ಗೌನಿನ ತೋಳು ಸರಿ ಕೂರುವುದಿಲ್ಲ ಎಂಬುದು ಅವರ ತಕರಾರು.

ಅವಳಿಗೆ ಡಿಗ್ರಿ ಬಂದ ವರ್ಷವೇ ಪಂಪ್ ಕಾರ್ಖಾನೆ ಮುಚ್ಚಿತು. ಎಂಜಿನಿಯರ್ ಆಗಿ ಒಂದು ದಿನವೂ ಅವಳು ಅಲ್ಲಿ ಕೂರಲಿಲ್ಲ. ಐದು ತಿಂಗಳು ಮನೆಯಲ್ಲಿದ್ದು, ಆಮೇಲೆ ಕೃತಕ ಕಾಲು ತಯಾರಿಸುವ ಒಂದು ಸಣ್ಣ ಕಾರ್ಯಾಗಾರಕ್ಕೆ ಸೇರಿದಳು. ಹದಿನಾರು ವರ್ಷ ಅಲ್ಲೇ ದುಡಿದು, ಹೋದ ವರ್ಷ ನಿವೃತ್ತಳಾದಳು. ನಾನು ಅಷ್ಟರಲ್ಲಿ ಯಂತ್ರಗಳ ವಿನ್ಯಾಸ ಮಾಡುವ ಕೆಲಸ ಹಿಡಿದಿದ್ದೆ.

ಅವಳು ಅಲ್ಲಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಅವಳನ್ನು ನೋಡಲು ಆ ಕಾರ್ಯಾಗಾರಕ್ಕೆ ಹೋಗಿದ್ದೆ. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಹೊಸ ಕಾಲು ಹಾಕಿಸಿಕೊಂಡು, ಎರಡೂ ಬದಿಯ ಕಂಬಿ ಹಿಡಿದು ನಡೆಯುತ್ತಿದ್ದರು. ಅತ್ತೆ ನೆಲದ ಮೇಲೆ ಮಂಡಿಯೂರಿ ಕುಳಿತಿದ್ದಳು. ನೋವೇನಿಲ್ಲ, ಆದರೆ ಮಂಡಿ ಟಕ್ ಟಕ್ ಅನ್ನುತ್ತೆ, ನಾಲ್ಕು ಜನ ತಿರುಗಿ ನೋಡುತ್ತಾರೆ ಎಂದು ಶಿಕ್ಷಕಿ ಸಂಕೋಚದಿಂದ ಹೇಳಿಕೊಂಡರು. ಅತ್ತೆಯ ಜೊತೆ ಕೆಲಸ ಮಾಡುವವರು ಅದು ಅಭ್ಯಾಸವಾಗುತ್ತೆ ಬಿಡಿ ಎಂದಿದ್ದರಂತೆ. ಅತ್ತೆ ಕಾಲನ್ನು ಬಿಚ್ಚಿಸಿ, ಮಂಡಿಯ ಕೀಲನ್ನು ಬೇರೆ ಮಾಡಿ ಮೇಜಿನ ಮೇಲೆ ಹರಡಿದಳು. ನಾನು ಬಂದಿದ್ದೇನೆ ಎಂಬುದನ್ನೂ ಮರೆತಳು. ಒಂದೂವರೆ ಗಂಟೆಯ ಮೇಲೆ ಕಾಗದದಷ್ಟು ತೆಳುವಾದ ಒಂದು ವಾಷರ್ ಸೇರಿಸಿ ಮತ್ತೆ ಜೋಡಿಸಿದಳು.

ಶಿಕ್ಷಕಿ ಕಂಬಿಗಳ ನಡುವೆ ಎರಡು ಸಲ ಹೋಗಿ ಬಂದರು. ಸದ್ದಿಲ್ಲ. ಮೂರನೆಯ ಸಲ ಕಂಬಿ ಬಿಟ್ಟು, ಕೋಲನ್ನಷ್ಟೇ ಹಿಡಿದು ಬಾಗಿಲ ಕಡೆ ನಡೆದರು. ಹಾಗೇ ಹೊರಗೆ ಹೋದರು. ಹತ್ತು ನಿಮಿಷವಾದರೂ ಬರಲಿಲ್ಲ. ನಾನು ಗಾಬರಿಯಾಗಿ ಎದ್ದೆ. ಅತ್ತೆ ನನ್ನ ಕೈ ಹಿಡಿದು ಕೂರಿಸಿದಳು. ಆಮೇಲೆ ಅವರು ಬಂದರು, ಹಣೆಯಲ್ಲಿ ಬೆವರು.

“ಎಲ್ಲಿಗೆ ಹೋಗಿದ್ರಿ?” ಎಂದು ಅತ್ತೆ ಕೇಳಿದಳು.

“ಎಲ್ಲಿಗೂ ಇಲ್ಲ,” ಎಂದರು ಶಿಕ್ಷಕಿ. “ಸುಮ್ಮನೆ, ಆ ತಿರುವಿನವರೆಗೆ.”